ಮಲಕಾಲ್‌ನಿಂದ ಮರಳಿದ ಮೇಲೆ

ದಕ್ಷಿಣ ಸುಡಾನ್‌ನ ಮಲಕಾಲ್‌ನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಭಾರತೀಯ ತುಕಡಿಯೊಡನೆ ಪಶುವೈದ್ಯನಾಗಿ ಒಂದು ವರ್ಷ ಕೆಲಸ ಮಾಡಿ ಕಳೆದ ವಾರ ಬೆಂಗಳೂರಿಗೆ ಮರಳಿದ್ದೇನೆ. ಯೋಗಕ್ಷೇಮ ವಿಚಾರಿಸಿದ ಎಲ್ಲರಿಗೂ ಒಬ್ಬೊಬ್ಬರಾಗಿ ಉತ್ತರಿಸಲಾಗದೆ ಇಲ್ಲಿ ಬರೆಯುತ್ತಿದ್ದೇನೆ.

ಅಂತರ್ಯುದ್ಧದ ನಾಡಿಗೆ ದನದ ಡಾಕ್ಟರು ಏಕೆ ಎಂದು ಹೊರಡುವಾಗ ಹಲವರು ಕೇಳಿದ್ದಿರಿ. 2011ರ ಜುಲೈನಲ್ಲಿ ಸ್ವತಂತ್ರವಾದ ಆ ದೇಶ 2013ರ ಡಿಸೆಂಬರ್‌ನಲ್ಲಿ ಅಧ್ಯಕ್ಷ ಸಾಲ್ವಾ ಕೀರ್ ಮತ್ತು ಮಾಜಿ ಉಪಾಧ್ಯಕ್ಷ ರಿಯಕ್ ಮಚಾರ್ ಬಣಗಳ ಕಾದಾಟಕ್ಕೆ ಸಿಲುಕಿತು. 2018ರ ಶಾಂತಿ ಒಪ್ಪಂದದ ನಂತರವೂ ದನಗಳ ಲೂಟಿ ಮತ್ತು ಅದರ ಸೇಡು ಹಳ್ಳಿಗಳನ್ನು ಬಿಟ್ಟಿಲ್ಲ. ಅಲ್ಲಿನ ದನಗಾಹಿ ಬುಡಕಟ್ಟುಗಳಾದ ದಿಂಕಾ ಮತ್ತು ನುಯೆರ್ ಜನರಿಗೆ ದನವೇ ಆಸ್ತಿ, ಮದುವೆಯಲ್ಲಿ ಹೆಣ್ಣಿನ ಮನೆಯವರಿಗೆ ಕೊಡುವ ತೆರವೂ ದನವೇ, ಕೊಲೆಯಾದಾಗ ಸತ್ತವನ ಮನೆಯವರಿಗೆ ಸಲ್ಲಬೇಕಾದ ಪರಿಹಾರವೂ ದನವೇ. ದನ ಉಳಿಸಿಕೊಟ್ಟವನ ಮಾತಿಗೆ ಅಲ್ಲಿ ಬೆಲೆಯಿದೆ.

ನನ್ನ ಮೊದಲ ಕೃತಜ್ಞತೆ ನಿರಾಶ್ರಿತರ ಶಿಬಿರದಲ್ಲೇ ಬೆಳೆದ ನಮ್ಮ ದುಭಾಷಿ ಯುವಕನಿಗೆ. ನಾನು ಅವಸರಪಟ್ಟಾಗಲೆಲ್ಲ ಅವನು ತಡೆದು, ಮೊದಲು ಹಿರಿಯರ ಮಾತು ಮುಗಿಯಲಿ ಎನ್ನುತ್ತಿದ್ದ. ಗೊರಸು ಹುಣ್ಣಾದ ಹೋರಿಯನ್ನು ಹಿಡಿದು ಬಂದ ಮುದುಕರೊಬ್ಬರೂ, ಅವರ ಊರಿನೊಡನೆ ವೈರವಿದ್ದ ಊರಿನವರೊಬ್ಬರೂ ಸರದಿ ಬರುವವರೆಗೆ ಒಂದೇ ಮರದ ನೆರಳಿನಲ್ಲಿ ಕುಳಿತು ದನಗಳ ರಕ್ತ ಹೀರುವ ಉಣ್ಣೆಹುಳದ ಕಾಟದ ಬಗ್ಗೆ ಮಾತಾಡಿಕೊಂಡದ್ದನ್ನು ನಾನು ಕಂಡದ್ದು ಅವನ ತಾಳ್ಮೆಯಿಂದಲೇ. ಅದನ್ನು ರಾಜಿ ಎಂದು ಕರೆಯುವ ಧೈರ್ಯ ನನಗಿಲ್ಲ, ಆದರೆ ಆ ಮಧ್ಯಾಹ್ನವನ್ನು ಮರೆಯಲಾರೆ.

ನಮಗಿಂತ ಮೊದಲು ಹೋದವರ ಋಣವೂ ದೊಡ್ಡದು. 2013ರ ಡಿಸೆಂಬರ್‌ನಲ್ಲಿ ಅದೇ ದೇಶದ ಅಕೋಬೊದಲ್ಲಿದ್ದ ವಿಶ್ವಸಂಸ್ಥೆಯ ನೆಲೆಯ ಮೇಲೆ ದಾಳಿಯಾದಾಗ, ಅಲ್ಲಿ ಆಶ್ರಯ ಪಡೆದಿದ್ದವರೊಂದಿಗೆ ಇಬ್ಬರು ಭಾರತೀಯ ಯೋಧರು ಪ್ರಾಣ ತೆತ್ತರು. ಕಾವಲಿದ್ದೂ ಎಲ್ಲರನ್ನೂ ಕಾಪಾಡಲಾಗದ ದಿನಗಳು ಮಲಕಾಲ್‌ಗೂ ಬಂದಿವೆ: 2016ರ ಫೆಬ್ರವರಿಯಲ್ಲಿ ಅಲ್ಲಿನ ಶಿಬಿರದ ಒಳಗೇ ಜನ ಹತರಾದರು. ಆ ಸಂಗತಿ ತಿಳಿದೂ ನಮ್ಮನ್ನು ನಂಬಿ ಬಂದ ದನಗಾಹಿಗಳಿಗೆ ನಾನು ಕೈಮುಗಿಯುತ್ತೇನೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ನನ್ನ ಗುರುಗಳಿಗೆ, ವರ್ಷವಿಡೀ ಮನೆಯ ಭಾರವನ್ನೆಲ್ಲ ಒಬ್ಬಳೇ ಹೊತ್ತ ನನ್ನ ಹೆಂಡತಿಗೆ, ರಾತ್ರಿ ಮಗಳಿಗೆ ಜ್ವರ ಬಂದಾಗ ಆಸ್ಪತ್ರೆಗೆ ಕರೆದೊಯ್ದ ಪಕ್ಕದ ಮನೆಯವರಿಗೆ ನಾನು ಋಣಿ. ಯಲಹಂಕದ ಕೊಟ್ಟಿಗೆಯಲ್ಲಿ ಗೊಟ್ಟದಿಂದ, ಅಂದರೆ ದನದ ಬಾಯಿಗೆ ಮದ್ದು ಹೊಯ್ಯುವ ಕೊಳವೆಯಿಂದ, ಮದ್ದು ಕುಡಿಸುವುದನ್ನು, ಕತ್ತನ್ನು ಅತಿಯಾಗಿ ಎತ್ತಿದರೆ ಮದ್ದು ಶ್ವಾಸಕೋಶಕ್ಕೆ ಇಳಿಯುತ್ತದೆಂಬ ಎಚ್ಚರಿಕೆಯೊಡನೆ ನನಗೆ ಕಲಿಸಿದವರು ದೊಡ್ಡಪ್ಪ. ಅವರು ಕೊಟ್ಟಿದ್ದ ಬಿದಿರಿನ ಗೊಟ್ಟವನ್ನು ಆ ದುಭಾಷಿಯ ತಮ್ಮನ ಕೈಗೆ ಕೊಟ್ಟು ಬಂದಿದ್ದೇನೆ. ಈಗ ಅವನೇ ಕರುಗಳಿಗೆ ಜಂತುಹುಳದ ಮದ್ದು ಕುಡಿಸುತ್ತಾನೆ.