ಕ್ಲಬ್ ಟ್ರಯಥ್ಲಾನ್‌ಗಳಿಗೆ ಅನುಮತಿ ಕೊಡುವ ಮುನ್ನ ನೀರಿನ ಕಡೆ ನೋಡಿ: ಕ್ರೀಡಾ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಕ್ರೀಡಾ ಸಚಿವರಿಗೆ,

ಗೌರವಪೂರ್ವಕ ನಮಸ್ಕಾರಗಳು.

ಈಜು, ಸೈಕಲ್ ಸವಾರಿ ಮತ್ತು ಓಟವನ್ನು ಒಂದರ ಬೆನ್ನಿಗೆ ಒಂದರಂತೆ ಮುಗಿಸಬೇಕಾದ ಟ್ರಯಥ್ಲಾನ್ ಸ್ಪರ್ಧೆಗಳನ್ನು ನಡೆಸುವ ಸಣ್ಣ ಕ್ಲಬ್‌ಗಳ ಜೊತೆ ಸ್ವಯಂಸೇವಕನಾಗಿ ದುಡಿಯುತ್ತಿರುವ ನಾನು ಒಂದು ಬೇಡಿಕೆಯನ್ನು ತಮ್ಮ ಮುಂದಿಡಲು ಈ ಪತ್ರ ಬರೆಯುತ್ತಿದ್ದೇನೆ. ಕ್ಲಬ್ ಮಟ್ಟದ ಟ್ರಯಥ್ಲಾನ್‌ಗೆ ಅನುಮತಿ ನೀಡುವ ಮೊದಲು ಈಜಿನ ಭಾಗದ ಸುರಕ್ಷತಾ ಯೋಜನೆಯನ್ನು ಬಲ್ಲವರು ಪರಿಶೀಲಿಸುವುದು ಕಡ್ಡಾಯವಾಗಬೇಕು, ಮತ್ತು ಸ್ಪರ್ಧೆಯ ಬೆಳಿಗ್ಗೆ ಈಜನ್ನು ಮೊಟಕುಗೊಳಿಸುವ ಇಲ್ಲವೇ ರದ್ದುಪಡಿಸುವ ಅಧಿಕಾರ ಆಯೋಜಕರಲ್ಲದ ಒಬ್ಬ ವ್ಯಕ್ತಿಯ ಕೈಯಲ್ಲಿರಬೇಕು. ಉಳಿದ ನಿಯಮಗಳ ಬಗ್ಗೆಯೂ ಮುಂದೆ ಹೇಳುತ್ತೇನೆ. ಆದರೆ ಜೀವ ಉಳಿಸುವ ವಿಷಯದಲ್ಲಿ ಈ ಎರಡಕ್ಕೆ ಸಮನಾದದ್ದು ಬೇರೊಂದಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಕ್ರೀಡೆ ಹುಟ್ಟಿದ್ದೇ ಒಂದು ಕ್ಲಬ್‌ನಲ್ಲಿ. 1974ರಲ್ಲಿ ಅಮೆರಿಕದ ಸ್ಯಾನ್ ಡಿಯಾಗೋದ ಓಟಗಾರರ ಕ್ಲಬ್ಬೊಂದು ಮಿಷನ್ ಬೇ ಎಂಬಲ್ಲಿ ನಡೆಸಿದ ಸ್ಪರ್ಧೆಯನ್ನು ಆಧುನಿಕ ಟ್ರಯಥ್ಲಾನ್‌ನ ಆರಂಭವೆಂದು ಪರಿಗಣಿಸುತ್ತಾರೆ. 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಅದು ಪದಕದ ಸ್ಪರ್ಧೆಯಾಯಿತು. ಒಲಿಂಪಿಕ್ ದೂರವೆಂದರೆ 1.5 ಕಿಲೋಮೀಟರ್ ಈಜು, 40 ಕಿಲೋಮೀಟರ್ ಸೈಕಲ್, 10 ಕಿಲೋಮೀಟರ್ ಓಟ; ಕ್ಲಬ್‌ಗಳು ಹೆಚ್ಚಾಗಿ ಆರಿಸಿಕೊಳ್ಳುವ ಸ್ಪ್ರಿಂಟ್ ದೂರ ಅದರ ಅರ್ಧದಷ್ಟು. ದೂರ ಅರ್ಧವಾದ ಮಾತ್ರಕ್ಕೆ ಅಪಾಯವೂ ಅರ್ಧವಾಗುತ್ತದೆ ಎಂದು ಭಾವಿಸುವಂತಿಲ್ಲ. ಕಡಿಮೆ ದೂರದ ಸ್ಪರ್ಧೆಗೆ ಹೆಸರು ಕೊಡುವವರಲ್ಲಿ ಮೊದಲ ಬಾರಿಗೆ ಬರುವವರು, ಈಜುಕೊಳದ ಆಚೆಗೆ ಎಂದೂ ಈಜದವರು ಹೆಚ್ಚಿರುತ್ತಾರೆ. ವರ್ಲ್ಡ್ ಟ್ರಯಥ್ಲಾನ್ ಎಂಬ ಅಂತಾರಾಷ್ಟ್ರೀಯ ಸಂಸ್ಥೆಯ ವಿವರವಾದ ನಿಯಮಾವಳಿ ಇದೆ, ರಾಷ್ಟ್ರೀಯ ಸಂಸ್ಥೆಗಳು ಅದನ್ನು ಅನುಸರಿಸುತ್ತವೆ. ಆದರೆ ಯಾವ ಸಂಸ್ಥೆಗೂ ಸೇರದೆ ತನ್ನಷ್ಟಕ್ಕೆ ಸ್ಪರ್ಧೆ ನಡೆಸುವ ಕ್ಲಬ್ಬನ್ನು ಆ ನಿಯಮಾವಳಿ ಕಟ್ಟಿಹಾಕಲಾರದು. ಆ ತೆರವನ್ನು ತುಂಬಬೇಕಾದದ್ದು ಸರ್ಕಾರದ ಅನುಮತಿ ಪತ್ರ.

ಅನುಮತಿ ಕೋರಿ ಸಲ್ಲಿಕೆಯಾಗುವ ಅರ್ಜಿಗಳಲ್ಲಿ ನಾನು ಓದಿರುವ ಮಟ್ಟಿಗೆ ರಸ್ತೆಯ ಬಗ್ಗೆ ಪುಟಗಟ್ಟಲೆ ವಿವರಣೆ ಇರುತ್ತದೆ. ಯಾವ ತಿರುವಿನಲ್ಲಿ ವಾಹನ ತಡೆಯಬೇಕು, ಎಲ್ಲಿ ಯಾರು ನಿಲ್ಲಬೇಕು, ರಸ್ತೆ ಎಷ್ಟು ಗಂಟೆಗೆ ತೆರೆಯಬೇಕು ಎಂಬುದೆಲ್ಲ ನಕ್ಷೆ ಸಮೇತ ಇರುತ್ತದೆ. ಈಜಿನ ವಿಷಯ ಮಾತ್ರ ‘ಜೀವರಕ್ಷಕರನ್ನು ನಿಯೋಜಿಸಲಾಗುವುದು’ ಎಂಬ ಒಂದೇ ಸಾಲಿನಲ್ಲಿ ಮುಗಿದಿರುತ್ತದೆ. ಅಮೆರಿಕದಲ್ಲಿ 1985ರಿಂದ 2016ರವರೆಗೆ ಟ್ರಯಥ್ಲಾನ್‌ಗಳಲ್ಲಿ ಸಂಭವಿಸಿದ ಸಾವು ಮತ್ತು ಹೃದಯಸ್ತಂಭನದ 135 ಪ್ರಕರಣಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವೈದ್ಯಕೀಯ ಅಧ್ಯಯನ ಹೇಳುವುದು ಬೇರೆಯೇ ಕಥೆ. ಆ 135ರಲ್ಲಿ 90 ಪ್ರಕರಣಗಳು ಈಜಿನ ಹೊತ್ತಿನಲ್ಲಿ ನಡೆದಿದ್ದವು. ಸೈಕಲ್ ಭಾಗದಲ್ಲಿ ಬಿದ್ದು ಅಥವಾ ಡಿಕ್ಕಿಯಾಗಿ ಮೃತಪಟ್ಟವರು 15 ಮಂದಿ. ಬಲಿಯಾದವರ ಸರಾಸರಿ ವಯಸ್ಸು ಸುಮಾರು 47, ನೂರಕ್ಕೆ 85ರಷ್ಟು ಮಂದಿ ಪುರುಷರು. ಲಕ್ಷ ಸ್ಪರ್ಧಿಗಳಿಗೆ 1.74 ಎಂಬ ಪ್ರಮಾಣ ಮೇಲ್ನೋಟಕ್ಕೆ ಚಿಕ್ಕದು, ಮತ್ತು ಈ ಕ್ರೀಡೆಯನ್ನು ಕಂಡು ಯಾರೂ ಹೆದರಬೇಕಾಗಿಲ್ಲ ಎಂಬುದನ್ನೂ ಅದು ಹೇಳುತ್ತದೆ. ಆದರೆ ಆ ಚಿಕ್ಕ ಪ್ರಮಾಣದ ಮೂರನೇ ಎರಡು ಪಾಲು ನೀರಿನಲ್ಲಿಯೇ ಇರುವಾಗ ನಮ್ಮ ಪರಿಶೀಲನೆ ರಸ್ತೆಯಲ್ಲೇ ನಿಂತುಬಿಡುವುದು ಸರಿಯಲ್ಲ.

ನೀರಿನಲ್ಲೇ ಹೀಗೇಕೆ ಎಂಬುದನ್ನು ಅಧಿಕಾರಿಗಳು ತಿಳಿದರೆ ನಿಯಮಗಳ ಉದ್ದೇಶ ತಾನಾಗಿ ಸ್ಪಷ್ಟವಾಗುತ್ತದೆ. ತಣ್ಣನೆಯ ನೀರಿಗೆ ಏಕಾಏಕಿ ಇಳಿದಾಗ ಮನುಷ್ಯ ತನಗರಿವಿಲ್ಲದೆ ಏದುಸಿರು ಬಿಡುತ್ತಾನೆ, ಹೃದಯದ ಬಡಿತ ಏರುತ್ತದೆ. ಅದೇ ಹೊತ್ತಿಗೆ ಮುಖ ಮುಳುಗಿಸಿ ಉಸಿರು ಬಿಗಿಹಿಡಿದಾಗ ಬಡಿತವನ್ನು ಇಳಿಸುವ ಇನ್ನೊಂದು ಸಹಜ ಪ್ರತಿಕ್ರಿಯೆಯೂ ಶುರುವಾಗುತ್ತದೆ. ಈ ಎರಡರ ನಡುವೆ ಸಿಕ್ಕ ಹೃದಯದ ಲಯ ತಪ್ಪಬಹುದು ಎಂಬುದು ತಜ್ಞರು ಕೊಡುವ ವಿವರಣೆಗಳಲ್ಲಿ ಒಂದು. ಅದಕ್ಕೆ ಸ್ಪರ್ಧೆಯ ಉದ್ವೇಗ, ಅಕ್ಕಪಕ್ಕದವರ ಕೈಕಾಲಿನ ಏಟು, ತಳ ಕಾಣದ ನೀರಿನ ಭಯ ಸೇರಿಕೊಳ್ಳುತ್ತವೆ. ರಸ್ತೆಯಲ್ಲಿ ಸುಸ್ತಾದವನು ಬದಿಗೆ ಕೂರಬಹುದು. ನೀರಿನಲ್ಲಿ ಹಾಗೆ ಕೂರಲು ಜಾಗವಿಲ್ಲ, ಮತ್ತು ಮುಳುಗುತ್ತಿರುವವರು ಬಹುಮಟ್ಟಿಗೆ ಕೂಗುವುದಿಲ್ಲ. ಉಸಿರಾಡಲೇ ಆಗದವರಿಂದ ಕೂಗಲು ಎಲ್ಲಿ ಸಾಧ್ಯ?

ಆದ್ದರಿಂದ ಅರ್ಜಿಯ ಆ ಒಂದು ಸಾಲಿನ ಜಾಗದಲ್ಲಿ ಏನೇನು ಇರಬೇಕೆಂದು ಹೇಳುವುದು ಅಗತ್ಯ. ಎಲ್ಲರನ್ನೂ ಒಮ್ಮೆಲೇ ನೀರಿಗೆ ಬಿಡದೆ ಸಣ್ಣ ಗುಂಪುಗಳಾಗಿ, ನಡುವೆ ಅಂತರವಿಟ್ಟು ಬಿಡಬೇಕು, ಒಂದೊಂದು ಗುಂಪಿಗೂ ಬೇರೆ ಬೇರೆ ಗಾಢ ಬಣ್ಣದ ಈಜುಟೋಪಿ ಕೊಡಬೇಕು. ಕಪ್ಪು ಅಥವಾ ಬೂದು ಟೋಪಿ ಅಲೆಗಳ ನಡುವೆ ಕಣ್ಣಿಗೆ ಬೀಳುವುದೇ ಇಲ್ಲ. ಕಾವಲಿಗೆ ನಿಲ್ಲುವ ಕಯಾಕ್‌ಗಳು, ಅಂದರೆ ಹುಟ್ಟು ಹಾಕಿ ನಡೆಸುವ ಕಿರುದೋಣಿಗಳು, ದಡದ ಹತ್ತಿರ ಗುಂಪುಗೂಡದೆ ಪಥದ ಉದ್ದಕ್ಕೂ ಹಂಚಿಹೋಗಿರಬೇಕು, ಮೊದಲ ತಿರುವಿನವರೆಗಿನ ಭಾಗದಲ್ಲಂತೂ ಹತ್ತಿರ ಹತ್ತಿರ ಇರಬೇಕು, ಏಕೆಂದರೆ ಗಾಬರಿ ಹುಟ್ಟುವುದು ಬಹಳಷ್ಟು ಸಲ ಅಲ್ಲಿಯೇ. ಕಯಾಕ್‌ನಲ್ಲಿರುವವರಿಂದ ರಕ್ಷಣಾ ದೋಣಿಗೂ ಅಲ್ಲಿಂದ ವೈದ್ಯಕೀಯ ತಂಡಕ್ಕೂ ಒಂದೇ ರೇಡಿಯೋ ಸಂಪರ್ಕ ಬೇಕು. ಸ್ಪರ್ಧೆ ಶುರುವಾಗುವ ಮೊದಲು ಸ್ಪರ್ಧಿಗಳಿಗೆ ನೀರಿಗೆ ಮೈ ಒಗ್ಗಿಸಿಕೊಳ್ಳಲು ಸಮಯ ಕೊಡಬೇಕು, ಮತ್ತು ಒಂದು ಮಾತನ್ನು ಧ್ವನಿವರ್ಧಕದಲ್ಲಿ ಸ್ಪಷ್ಟವಾಗಿ ಹೇಳಬೇಕು: ದಣಿದರೆ ಅಂಗಾತ ಮಲಗಿ ತೇಲಿ, ಕೈ ಎತ್ತಿ, ಕಯಾಕ್ ಹಿಡಿದುಕೊಳ್ಳಿ. ಹಿಡಿದುಕೊಂಡು ಮುಂದಕ್ಕೆ ಸಾಗದಿದ್ದರೆ ಸ್ಪರ್ಧೆಯಿಂದ ಹೊರಹಾಕುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಇದು ಗೊತ್ತಿಲ್ಲದೆ, ಹಿಡಿದರೆ ಸೋತಂತೆ ಎಂದುಕೊಂಡು ಕೊನೆಯ ಉಸಿರಿನವರೆಗೂ ಕೈ ಬೀಸುವವರಿದ್ದಾರೆ.

ನೀರಿಗೆ ಇಳಿದವರನ್ನೂ ಹೊರಬಂದವರನ್ನೂ ಎಣಿಸುವ ಕೆಲಸ ಹೇಗೆ ನಡೆಯುತ್ತದೆಂಬುದನ್ನು ತಾವು ಒಮ್ಮೆ ಖುದ್ದಾಗಿ ನೋಡಬೇಕೆಂದು ಕೋರುತ್ತೇನೆ. ದಡದಲ್ಲಿ ಸ್ವಯಂಸೇವಕರೊಬ್ಬರು ಒದ್ದೆಯಾದ ಹಾಳೆ ಹಿಡಿದು ನಿಂತಿರುತ್ತಾರೆ. ಸ್ಪರ್ಧಿಗಳು ಕೆಸರು ಮೆಟ್ಟಿಕೊಂಡು ಓಡುತ್ತ ಬರುತ್ತಾರೆ, ತೋಳಿನ ಮೇಲೆ ಬರೆದ ಸಂಖ್ಯೆ ಅರ್ಧ ಅಳಿಸಿರುತ್ತದೆ, ಟೋಪಿಯನ್ನು ಬರುಬರುತ್ತಲೇ ಕಿತ್ತು ಕೈಯಲ್ಲಿ ಮುದುಡಿಕೊಂಡಿರುತ್ತಾರೆ. ಮೂವರು ಒಟ್ಟಿಗೆ ಬಂದರೆ ಒಂದು ಸಂಖ್ಯೆ ತಪ್ಪಿಹೋಗುತ್ತದೆ. ಇನ್ನೊಬ್ಬರು ಈಜನ್ನು ಅರ್ಧಕ್ಕೆ ಬಿಟ್ಟು ಬೇರೆ ಕಡೆ ದಡ ಸೇರಿ, ಯಾರಿಗೂ ಹೇಳದೆ ಬಟ್ಟೆ ಬದಲಿಸಿ ಹೊರಟೇಬಿಟ್ಟಿರುತ್ತಾರೆ. ಆಗ ಪಟ್ಟಿಯಲ್ಲಿ ಉಳಿದ ಆ ಒಂದು ಸಂಖ್ಯೆ ಲೆಕ್ಕದ ತಪ್ಪೋ ಅಥವಾ ನೀರಿನ ಕೆಳಗಿರುವ ಮನುಷ್ಯನೋ ಎಂದು ಹೇಳಬಲ್ಲವರು ಯಾರೂ ಇರುವುದಿಲ್ಲ. ಹಾಗಾಗಿ ಒಳಹೋಗುವ ಮತ್ತು ಹೊರಬರುವ ದಾರಿಗಳು ಒಂದೊಂದೇ ಆಗಿರಬೇಕು, ಕಾಲಿಗೆ ಕಟ್ಟುವ ಟೈಮಿಂಗ್ ಚಿಪ್ ಇದ್ದರೂ ಕೈಬರಹದ ಎಣಿಕೆ ಪ್ರತ್ಯೇಕವಾಗಿ ಇಬ್ಬರಿಂದ ನಡೆಯಬೇಕು, ಸ್ಪರ್ಧೆ ಬಿಡುವವರು ಚಿಪ್ ಹಿಂದಿರುಗಿಸಿ ಹೆಸರು ಹೇಳದೆ ಹೋಗುವಂತಿಲ್ಲ ಎಂಬ ನಿಯಮ ಇರಬೇಕು, ಮತ್ತು ಲೆಕ್ಕ ಸರಿಹೋಗುವವರೆಗೆ ಒಂದು ದೋಣಿಯೂ ನೀರು ಬಿಟ್ಟು ಮೇಲೇಳಬಾರದು.

ಇನ್ನು ರದ್ದುಪಡಿಸುವ ಅಧಿಕಾರದ ಮಾತು. ಶುಲ್ಕ ಪಡೆದಿರುವ, ಪ್ರಾಯೋಜಕರನ್ನು ಕರೆತಂದಿರುವ, ತಿಂಗಳುಗಟ್ಟಲೆ ಶ್ರಮಿಸಿರುವ ಆಯೋಜಕರಿಗೆ ಆ ಬೆಳಿಗ್ಗೆ ‘ಈಜು ಬೇಡ’ ಎನ್ನುವುದು ಎಷ್ಟು ಕಷ್ಟವೆಂದು ನಾನು ಹತ್ತಿರದಿಂದ ಬಲ್ಲೆ. ಅವರು ಕೆಟ್ಟವರಲ್ಲ, ಆ ತೀರ್ಮಾನದ ಭಾರವನ್ನು ಅವರ ಮೇಲೆ ಹೊರಿಸುವುದೇ ತಪ್ಪು. 2023ರ ಆಗಸ್ಟ್‌ನಲ್ಲಿ ಐರ್ಲೆಂಡ್‌ನ ಯೂಘಲ್‌ನಲ್ಲಿ ನಡೆದ ಸ್ಪರ್ಧೆಯ ಸಮುದ್ರದ ಈಜಿನಲ್ಲಿ ಇಬ್ಬರು ಪ್ರಾಣ ಕಳೆದುಕೊಂಡರು. ಸ್ಪರ್ಧೆಗೆ ಮಾನ್ಯತೆ ಇತ್ತೇ, ಇಲ್ಲವೆಂಬುದನ್ನು ಯಾವಾಗ ತಿಳಿಸಲಾಯಿತು ಎಂಬ ಬಗ್ಗೆ ಆಯೋಜಕರೂ ಅಲ್ಲಿನ ರಾಷ್ಟ್ರೀಯ ಸಂಸ್ಥೆಯೂ ಆಮೇಲೆ ಬೇರೆ ಬೇರೆ ಹೇಳಿಕೆ ಕೊಟ್ಟರು. ಅಂತಿಮ ಮಾತು ಯಾರದು, ಅದನ್ನು ಎಷ್ಟು ಗಂಟೆಯೊಳಗೆ ಬರಹದಲ್ಲಿ ಕೊಡಬೇಕು ಎಂಬುದು ಮೊದಲೇ ನಿಗದಿಯಾಗಿದ್ದರೆ ಅಂಥ ಗೊಂದಲಕ್ಕೆ ಆಸ್ಪದವಿರುವುದಿಲ್ಲ. ಇದಕ್ಕೆ ವಿರುದ್ಧವಾದ ನಿದರ್ಶನ 2024ರ ಪ್ಯಾರಿಸ್ ಒಲಿಂಪಿಕ್ಸ್‌ನದು. ಜುಲೈ 30ಕ್ಕೆ ನಿಗದಿಯಾಗಿದ್ದ ಪುರುಷರ ಟ್ರಯಥ್ಲಾನ್ ಅನ್ನು ಸೇನ್ ನದಿಯ ನೀರು ಪರೀಕ್ಷೆಯಲ್ಲಿ ಪಾಸಾಗಲಿಲ್ಲವೆಂಬ ಕಾರಣಕ್ಕೆ ಮರುದಿನಕ್ಕೆ ಮುಂದೂಡಲಾಯಿತು. ಇಡೀ ಜಗತ್ತು ನೋಡುತ್ತಿದ್ದ ಸ್ಪರ್ಧೆಯನ್ನೇ ನಿಲ್ಲಿಸಬಹುದಾದರೆ ಕ್ಲಬ್ಬಿನ ಸ್ಪರ್ಧೆಯನ್ನು ನಿಲ್ಲಿಸಲು ಸಂಕೋಚಪಡಬೇಕಾಗಿಲ್ಲ. ಈಜಿನ ಬದಲು ಓಟ, ಸೈಕಲ್, ಮತ್ತೆ ಓಟ ಎಂಬ ಡುಯಥ್ಲಾನ್ ನಡೆಸುವ ದಾರಿ ಹೇಗೂ ಇದೆ, ಅದರ ಪಥವನ್ನು ಅರ್ಜಿಯಲ್ಲಿಯೇ ಸಿದ್ಧವಿಡುವಂತೆ ಕೇಳಬಹುದು.

ತೀರ್ಮಾನಕ್ಕೆ ಅಳತೆಯ ಆಧಾರವೂ ಬೇಕು. ವರ್ಲ್ಡ್ ಟ್ರಯಥ್ಲಾನ್‌ನ ಕ್ರಮದಲ್ಲಿ ನೀರಿನ ಉಷ್ಣತೆಯನ್ನು ಆರಂಭಕ್ಕೆ ಒಂದು ಗಂಟೆ ಮೊದಲು, ಪಥದ ಮಧ್ಯದಲ್ಲೂ ಇನ್ನೆರಡು ಕಡೆಯೂ, 60 ಸೆಂಟಿಮೀಟರ್ ಆಳದಲ್ಲಿ ಅಳೆಯುತ್ತಾರೆ. ಇದಕ್ಕೆ ಬೇಕಾದದ್ದು ಒಂದು ಥರ್ಮಾಮೀಟರ್ ಮತ್ತು ಒಂದು ದೋಣಿ. ಯಾವ ಸಣ್ಣ ಕ್ಲಬ್ಬಿಗೂ ಇದು ಹೊರೆಯಲ್ಲ. ನೀರಿನ ಶುದ್ಧತೆಯ ಪರೀಕ್ಷೆ, ಗಾಳಿ ಮತ್ತು ಸೆಳವಿನ ಮಿತಿ, ಮಿಂಚು ಕಂಡರೆ ಏನು ಮಾಡಬೇಕೆಂಬ ಸೂಚನೆ ಕೂಡ ಇದೇ ಪಟ್ಟಿಗೆ ಸೇರಬೇಕು.

ಸೈಕಲ್ ಭಾಗದ ನಿಯಮಗಳು ಹಳೆಯವು ಮತ್ತು ಸ್ಪಷ್ಟವಾದವು, ಜಾರಿಯಾದರೆ ಸಾಕು. ಸ್ಟ್ಯಾಂಡ್‌ನಿಂದ ಸೈಕಲ್ ತೆಗೆಯುವ ಮೊದಲೇ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು, ಸೈಕಲ್ಲನ್ನು ಮರಳಿ ಸ್ಟ್ಯಾಂಡ್‌ಗೆ ಇಟ್ಟ ಮೇಲೆಯೇ ಬಿಚ್ಚಬೇಕು. ಗುರುತಿನ ಗೆರೆ ದಾಟುವವರೆಗೆ ಸೈಕಲ್ ಏರುವಂತಿಲ್ಲ. ಹ್ಯಾಂಡಲಿನ ತುದಿಗಳು ಮುಚ್ಚಿರಬೇಕು, ಏಕೆಂದರೆ ಬಿದ್ದಾಗ ತೆರೆದ ಕೊಳವೆ ಹೊಟ್ಟೆಗೆ ಚುಚ್ಚಿ ಆಳವಾದ ಗಾಯವಾಗುತ್ತದೆ. ಇಯರ್‌ಫೋನ್ ನಿಷಿದ್ಧ. ಗಾಳಿಯ ತಡೆ ತಪ್ಪಿಸಿಕೊಳ್ಳಲು ಮುಂದಿನವರ ಬೆನ್ನಿಗೇ ಅಂಟಿಕೊಂಡು ಸವಾರಿ ಮಾಡಲು ಅವಕಾಶವಿಲ್ಲದ ಕಡಿಮೆ ದೂರದ ಸ್ಪರ್ಧೆಗಳಲ್ಲಿ ಮುಂದಿನವರಿಂದ 10 ಮೀಟರ್ ಅಂತರ ಬಿಟ್ಟಿರಬೇಕು ಮತ್ತು ದಾಟುವುದಾದರೆ 20 ಸೆಕೆಂಡಿನೊಳಗೆ ದಾಟಬೇಕು. ರಸ್ತೆ ಪೂರ್ತಿ ಮುಚ್ಚದೆ ನಡೆಯುವ ಸ್ಪರ್ಧೆಗಳಲ್ಲಿ ಸಂಚಾರ ನಿಯಮವೇ ಮೇಲು ಎಂಬುದನ್ನು ಸ್ಪರ್ಧಿಗಳಿಗೆ ಬರಹದಲ್ಲಿ ಕೊಡಬೇಕು.

ಓಟದ ಹೊತ್ತಿಗೆ ಬಿಸಿಲೇರಿರುತ್ತದೆ, ದೇಹ ದಣಿದಿರುತ್ತದೆ. ದೇಹದ ಒಳಗಿನ ಉಷ್ಣತೆ 40 ಡಿಗ್ರಿ ದಾಟಿ, ಮಾತು ತೊದಲಿ, ಎಲ್ಲಿದ್ದೇನೆಂಬ ಪರಿವೆ ತಪ್ಪಿದವರನ್ನು ಆಂಬುಲೆನ್ಸ್‌ಗೆ ಕಾಯುತ್ತ ನೆರಳಿನಲ್ಲಿ ಮಲಗಿಸುವುದು ಸಾಲದು. ಅಲ್ಲಿಯೇ ತಣ್ಣೀರಿನ ತೊಟ್ಟಿಯಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ ಮೊದಲು ತಂಪಾಗಿಸಿ, ಆಮೇಲೆ ಆಸ್ಪತ್ರೆಗೆ ಸಾಗಿಸುವುದು ಇಂದಿನ ವೈದ್ಯಕೀಯ ಕ್ರಮ. ಹಾಗೆಯೇ ಹೃದಯಸ್ತಂಭನವಾದಾಗ ಎದೆಯೊತ್ತುವಿಕೆ ನಡೆಯದಿದ್ದರೆ, ವಿದ್ಯುತ್ ಆಘಾತ ಕೊಡುವುದು ತಡವಾದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡ 7ರಿಂದ 10ರಷ್ಟು ಕುಸಿಯುತ್ತದೆ. ಆದ್ದರಿಂದ ಆ ಆಘಾತ ಕೊಡುವ ಎಇಡಿ ಯಂತ್ರ ಮುಕ್ತಾಯದ ಕಮಾನಿನ ಬಳಿ ಮಾತ್ರ ಇದ್ದರೆ ಪ್ರಯೋಜನವಿಲ್ಲ, ಈಜು ಮುಗಿಯುವ ದಡದಲ್ಲೂ ಒಂದು ಇರಬೇಕು.

ಸ್ಪರ್ಧಿಗಳ ಹೊಣೆಯೂ ಇದೆ. ಎದೆನೋವು, ತಲೆಸುತ್ತು, ಕಾರಣವಿಲ್ಲದ ಉಬ್ಬಸ ಕಂಡವರು ವೈದ್ಯರನ್ನು ಕಾಣದೆ ಹೆಸರು ಕೊಡಬಾರದು. ಜ್ವರ ಬಂದು ಎದ್ದ ವಾರದಲ್ಲೇ ನೀರಿಗಿಳಿಯಬಾರದು. ತೆರೆದ ನೀರಿನಲ್ಲಿ ಒಬ್ಬರೇ ಅಲ್ಲದೆ ಜೊತೆಯವರೊಂದಿಗೆ ಅಭ್ಯಾಸ ಮಾಡಿರಬೇಕು. ಆದರೆ ‘ಏನಾದರೂ ಆದರೆ ನಾನೇ ಹೊಣೆ’ ಎಂಬ ಮುಚ್ಚಳಿಕೆಗೆ ಸಹಿ ಹಾಕಿಸಿಕೊಂಡ ಮಾತ್ರಕ್ಕೆ ಆಯೋಜಕರ ಜವಾಬ್ದಾರಿ ಮುಗಿಯಿತೆಂದು ಯಾವ ಅಧಿಕಾರಿಯೂ ಒಪ್ಪಬಾರದು.

ಹೊಸ ನಿಯಮವೆಂದರೆ ಹೊಸ ಶುಲ್ಕ, ಹೊಸ ಅಲೆದಾಟ ಎಂಬ ಆತಂಕ ಕ್ಲಬ್‌ಗಳಲ್ಲಿದೆ, ಅದು ಸುಳ್ಳೂ ಅಲ್ಲ. ಲಾಭದ ಆಸೆಯಿಲ್ಲದೆ ಸ್ಪರ್ಧೆ ನಡೆಸುವವರನ್ನು ಕಾಗದಪತ್ರಗಳಿಂದ ದಣಿಸಿದರೆ ಅವರು ಅನುಮತಿಯನ್ನೇ ಕೇಳದೆ ಸ್ಪರ್ಧೆ ನಡೆಸುವರು, ಅಪಾಯ ಇನ್ನೂ ಹೆಚ್ಚುವುದು. ಆದ್ದರಿಂದ ಇಲಾಖೆಯೇ ಈಜಿನ ಸುರಕ್ಷತಾ ಯೋಜನೆಯ ಮಾದರಿ ನಮೂನೆಯೊಂದನ್ನು ಸಿದ್ಧಪಡಿಸಿ ಉಚಿತವಾಗಿ ಕೊಡಲಿ, ಜೀವರಕ್ಷಕರಿಗೂ ಸ್ವಯಂಸೇವಕರಿಗೂ ತರಬೇತಿ ಏರ್ಪಡಿಸಲಿ, ಎಇಡಿ ಮತ್ತು ರೇಡಿಯೋಗಳನ್ನು ಕ್ಲಬ್‌ಗಳು ಎರವಲು ಪಡೆಯುವಂತೆ ಇರಿಸಲಿ. ಅನಾಹುತವಾಗಲಿ, ಕೂದಲೆಳೆಯಲ್ಲಿ ತಪ್ಪಿದ ಅನಾಹುತವಾಗಲಿ, ಪ್ರತಿಯೊಂದನ್ನೂ ವರದಿ ಮಾಡುವ ಪದ್ಧತಿ ಬರಲಿ, ವರದಿ ಮಾಡಿದವರಿಗೆ ದಂಡ ಬೀಳದಿರಲಿ. ಸ್ಪರ್ಧೆಗಳ ಮುಂದಿನ ಋತು ಆರಂಭವಾಗುವ ಮೊದಲು ಈ ಕುರಿತು ಸುತ್ತೋಲೆ ಹೊರಡಿಸಬೇಕೆಂದೂ, ಅದರ ಕರಡನ್ನು ಕ್ಲಬ್‌ಗಳ, ವೈದ್ಯರ ಮತ್ತು ಜೀವರಕ್ಷಕರ ಮುಂದಿಟ್ಟು ಅವರ ಅಭಿಪ್ರಾಯ ಪಡೆಯಬೇಕೆಂದೂ ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕ್ಲಬ್ ಟ್ರಯಥ್ಲಾನ್‌ಗಳ ಒಬ್ಬ ಸ್ವಯಂಸೇವಕ