ಜಿಲ್ಲಾ ಸುದ್ದಿಯ ಫೀಡ್ ಮತ್ತೆ ಆರಂಭವಾಗಲಿ

ಮಾನ್ಯ ಸಂಪಾದಕರಿಗೆ,

ಸಾದರ ನಮಸ್ಕಾರಗಳು. ತಮ್ಮ ಪತ್ರಿಕೆಯ ಜಾಲತಾಣ ಹೊಸ ವಿನ್ಯಾಸಕ್ಕೆ ಬದಲಾದ ದಿನದಿಂದ ಕಲಬುರಗಿ ಜಿಲ್ಲೆಯ ಸುದ್ದಿಗಳ ಆರ್‌ಎಸ್‌ಎಸ್ ಫೀಡ್ ನಿಂತುಹೋಗಿದೆ. ಗಂಜ್ ಮಾರುಕಟ್ಟೆಯಲ್ಲಿ ತೊಗರಿ ಆವಕ ಕುಸಿದ ಬಗ್ಗೆ ಯುಗಾದಿ ಅಮಾವಾಸ್ಯೆಯ ದಿನ ಬಂದ ವರದಿಯೇ ನನ್ನ ಮೊಬೈಲಿನಲ್ಲಿ ತಮ್ಮ ಪತ್ರಿಕೆಯ ಹೆಸರಿನ ಕೆಳಗೆ ಇಂದಿಗೂ ಕೊನೆಯದಾಗಿ ನಿಂತಿದೆ. ಪತ್ರಿಕೆ ದಿನವೂ ಬರುತ್ತಿದೆ, ಜಾಲತಾಣದಲ್ಲಿ ಸುದ್ದಿಗಳು ಗಂಟೆಗಂಟೆಗೂ ಏರುತ್ತಿವೆ, ಆದರೆ ಅವು ಓದುಗನವರೆಗೆ ತಾವಾಗಿ ಬರುತ್ತಿದ್ದ ದಾರಿಯೊಂದು ಮುಚ್ಚಿದೆ. ಅದನ್ನು ಮತ್ತೆ ತೆರೆಯಬೇಕೆಂದು ಕೇಳಿಕೊಳ್ಳಲು ಈ ಪತ್ರ.

ಆರ್‌ಎಸ್‌ಎಸ್ ಎಂದೊಡನೆ ನಮ್ಮಲ್ಲಿ ಬೇರೆ ಅರ್ಥವೇ ಹೊಳೆಯುವುದರಿಂದ ಇಲ್ಲಿ ಹೇಳುತ್ತಿರುವುದು ರಿಯಲಿ ಸಿಂಪಲ್ ಸಿಂಡಿಕೇಷನ್ ಎಂಬ ತಾಂತ್ರಿಕ ವ್ಯವಸ್ಥೆಯ ಬಗ್ಗೆ ಎಂದು ಮೊದಲೇ ಸ್ಪಷ್ಟಪಡಿಸುತ್ತೇನೆ. ಜಾಲತಾಣದಲ್ಲಿ ಹೊಸದಾಗಿ ಪ್ರಕಟವಾದ ಪ್ರತಿಯೊಂದು ಬರಹದ ತಲೆಬರಹ, ಕೊಂಡಿ, ನಾಲ್ಕು ಸಾಲಿನ ಸಾರಾಂಶ, ಪ್ರಕಟವಾದ ದಿನಾಂಕ ಮತ್ತು ವೇಳೆ, ಇಷ್ಟನ್ನು ಒಂದು ನಿಗದಿತ ಕ್ರಮದಲ್ಲಿ ಬರೆದಿಟ್ಟ ಸಣ್ಣ ಕಡತವೇ ಫೀಡ್. ಓದುಗ ತನಗೆ ಬೇಕಾದ ತಾಣಗಳ ಫೀಡ್ ವಿಳಾಸಗಳನ್ನು ಫೀಡ್ ರೀಡರ್ ಎಂಬ ಆ್ಯಪ್‌ಗೆ ಒಮ್ಮೆ ಸೇರಿಸಿದರೆ ಸಾಕು; ಅದು ಆಗಾಗ ಆ ಕಡತಗಳನ್ನು ನೋಡಿಬಂದು, ಹೊಸದೇನಾದರೂ ಇದ್ದರೆ ಅದನ್ನಷ್ಟೇ ತಂದು ಸಾಲಾಗಿ ತೋರಿಸುತ್ತದೆ. ಇದಕ್ಕಾಗಿ ಓದುಗ ಪ್ರಕಾಶಕರಿಗೆ ತನ್ನ ಮೊಬೈಲ್ ಸಂಖ್ಯೆಯನ್ನಾಗಲಿ ಇ-ಮೇಲ್ ವಿಳಾಸವನ್ನಾಗಲಿ ಕೊಡಬೇಕಾಗಿಲ್ಲ. ಯಾವ ಸುದ್ದಿ ಮೇಲೆ ಬರಬೇಕು, ಯಾವುದು ಕಾಣದೆ ಹೋಗಬೇಕು ಎಂದು ನಡುವೆ ನಿಂತು ತೀರ್ಮಾನಿಸುವವರೂ ಇಲ್ಲ.

ನಾನು ಇದೇ ಊರಿನ ಕಾಲೇಜೊಂದರ ಗ್ರಂಥಾಲಯದಲ್ಲಿ ಮೂವತ್ತೊಂದು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಬೆಳಿಗ್ಗೆ ಏಳು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು, ಕತ್ತರಿ ಮತ್ತು ಗೋಂದಿನ ಬಾಟಲಿ ಇಟ್ಟುಕೊಂಡು, ತೊಗರಿ, ಬೆಣ್ಣೆತೊರಾ ನೀರಾವರಿ, ಸಿಮೆಂಟ್ ಕಾರ್ಖಾನೆ, ನೇಮಕಾತಿ, ನಮ್ಮ ಭಾಗಕ್ಕೆ ವಿಶೇಷ ಮೀಸಲಾತಿ ಕೊಡುವ ಸಂವಿಧಾನದ 371(ಜೆ) ವಿಧಿ ಎಂದು ಬೇರೆ ಬೇರೆ ಫೈಲುಗಳಿಗೆ ತುಣುಕುಗಳನ್ನು ಅಂಟಿಸುವುದು ನನ್ನ ದಿನದ ಮೊದಲ ಕೆಲಸವಾಗಿತ್ತು. ಪ್ರತಿ ತುಣುಕಿನ ಬಲಮೂಲೆಯಲ್ಲಿ ಪತ್ರಿಕೆಯ ಹೆಸರು, ದಿನಾಂಕ, ಪುಟಸಂಖ್ಯೆಯನ್ನು ಕೆಂಪು ಶಾಯಿಯಲ್ಲಿ ಬರೆಯದೆ ನಾನು ಫೈಲು ಮುಚ್ಚುತ್ತಿರಲಿಲ್ಲ, ಏಕೆಂದರೆ ದಿನಾಂಕವಿಲ್ಲದ ತುಣುಕು ಸಂಶೋಧನೆ ಮಾಡುವ ವಿದ್ಯಾರ್ಥಿಗೆ ಯಾವ ಉಪಯೋಗಕ್ಕೂ ಬರುವುದಿಲ್ಲ. ಮೊದಲ ಬಾರಿ ಫೀಡ್ ಒಂದನ್ನು ತೆರೆದು ಅದರ ಒಳರೂಪವನ್ನು ನೋಡಿದಾಗ ನನಗೆ ಆ ಫೈಲುಗಳೇ ನೆನಪಾದವು. ತಲೆಬರಹ, ಮೂಲ, ದಿನಾಂಕ, ವಿಷಯ ವಿಭಾಗ, ಎಲ್ಲವೂ ಅಲ್ಲಿದ್ದವು. ಕತ್ತರಿ ಮತ್ತು ಗೋಂದು ಮಾತ್ರ ಇರಲಿಲ್ಲ.

ದಿನಾಂಕದ ಮಾತು ಸಣ್ಣದೆಂದು ಯಾರಿಗಾದರೂ ಅನಿಸಿದರೆ 2020ರ ಅಕ್ಟೋಬರ್ ತಿಂಗಳನ್ನು ನೆನಪಿಸಿಕೊಳ್ಳಬೇಕು. ಮಹಾರಾಷ್ಟ್ರದ ಉಜನಿ ಜಲಾಶಯದಿಂದ ಹರಿದುಬಂದ ನೀರಿನಿಂದ ಭೀಮಾ ನದಿ ಉಕ್ಕಿ, ಅಫಜಲಪುರ ಮತ್ತು ಜೇವರ್ಗಿ ಕಡೆಯ ಹಳ್ಳಿಗಳು ಜಲಾವೃತವಾಗಿದ್ದವು. ಸೊನ್ನ ಬ್ಯಾರೇಜಿನಿಂದ ಈಗ ಎಷ್ಟು ನೀರು ಬಿಡುತ್ತಿದ್ದಾರೆ, ಯಾವ ಸೇತುವೆಯ ಮೇಲೆ ಸಂಚಾರ ನಿಂತಿದೆ ಎಂಬುದು ನದಿ ದಂಡೆಯ ಜನರಿಗೆ ಜೀವದ ಪ್ರಶ್ನೆಯಾಗಿತ್ತು. ಆಗ ನನ್ನ ಮೊಬೈಲಿಗೆ ಒಂದೇ ಸಂಜೆ ನಾಲ್ವರು ಕಳಿಸಿದ ವಿಡಿಯೊ ಹಿಂದೆಂದೋ ಬಂದ ಪ್ರವಾಹದ್ದು. ಅದರಲ್ಲಿ ಕಾಣುತ್ತಿದ್ದ ಸೇತುವೆಯ ಪಕ್ಕದಲ್ಲಿ ಈಚೆಗೆ ಕಟ್ಟಿದ ಕಟ್ಟಡವೇ ಇರಲಿಲ್ಲ. ಕಳಿಸಿದವರಲ್ಲಿ ಯಾರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅವರ ಕೈಗೆ ಬಂದದ್ದರಲ್ಲಿ ಮೂಲವೂ ಇರಲಿಲ್ಲ, ವೇಳೆಯೂ ಇರಲಿಲ್ಲ. ಫೀಡ್‌ನಲ್ಲಿ ಬಂದ ಸುದ್ದಿಗೆ ಇವೆರಡೂ ಅಂಟಿಕೊಂಡೇ ಬರುತ್ತವೆ. ಜಿಲ್ಲೆಯ ನೆರೆ ಸುದ್ದಿಗೆಂದೇ ಪ್ರತ್ಯೇಕ ಫೀಡ್ ಇದ್ದಿದ್ದರೆ ಅಂದು ಹತ್ತಾರು ಗ್ರಾಮಗಳ ಯುವಕರು ತಮ್ಮ ಊರಿನವರಿಗೆ ನಂಬಲರ್ಹವಾದ ಮಾಹಿತಿಯನ್ನು ಓದಿ ಹೇಳಬಹುದಿತ್ತು.

ಇನ್ನೊಂದು ಸಂಗತಿ ನನ್ನನ್ನು ಇದಕ್ಕಿಂತ ಹೆಚ್ಚು ಕಾಡುತ್ತದೆ. ಆಳಂದ ತಾಲ್ಲೂಕಿನ ಹುಡುಗಿಯೊಬ್ಬಳು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದಲು ಇಲ್ಲಿ ಪಿಜಿಯಲ್ಲಿದ್ದು ದಿನವೂ ಗ್ರಂಥಾಲಯಕ್ಕೆ ಬರುತ್ತಿದ್ದಳು. ಅವಳು ಕಾಯುತ್ತಿದ್ದ ಹುದ್ದೆಗಳ ಅಧಿಸೂಚನೆಯಲ್ಲಿ ಕಲ್ಯಾಣ ಕರ್ನಾಟಕ ವೃಂದದ ಸ್ಥಾನಗಳ ಕುರಿತು ತಿದ್ದುಪಡಿಯಾಗಿ, ಅರ್ಜಿಯ ಜೊತೆಗೆ ಇನ್ನೊಂದು ಪ್ರಮಾಣಪತ್ರ ಸಲ್ಲಿಸಬೇಕೆಂದು ಸಂಬಂಧಪಟ್ಟ ಕಚೇರಿ ತನ್ನ ಜಾಲತಾಣದ ಒಳಪುಟವೊಂದರಲ್ಲಿ ಸೂಚನೆ ಹಾಕಿತ್ತು. ಆಕೆ ದಿನಕ್ಕೊಮ್ಮೆ ಮುಖಪುಟವನ್ನು ತೆರೆದು ನೋಡುತ್ತಿದ್ದರೂ ಅಲ್ಲಿ ಅದರ ಸುಳಿವಿರಲಿಲ್ಲ. ಗೊತ್ತಾದಾಗ ಕೊನೆಯ ದಿನಾಂಕ ಮುಗಿದು ಎರಡು ದಿನವಾಗಿತ್ತು. "ಸರ್, ನಾ ದಿನಾ ನೋಡ್ತಿದ್ದೆರಿ" ಎಂದು ಅವಳು ಹೇಳಿದ ಮಾತು ನನ್ನ ಕಿವಿಯಲ್ಲಿ ಇನ್ನೂ ಇದೆ. ಆ ಕಚೇರಿಯ ಪ್ರಕಟಣೆಗಳಿಗೆ ಫೀಡ್ ಇದ್ದಿದ್ದರೆ ಸೂಚನೆ ಯಾವ ಒಳಪುಟದಲ್ಲಿದ್ದರೂ ಅಂದೇ ಅವಳ ಮೊಬೈಲಿಗೆ ಬರುತ್ತಿತ್ತು. ಕೇಂದ್ರ ಸರ್ಕಾರದ ಪ್ರೆಸ್ ಇನ್ಫರ್ಮೇಷನ್ ಬ್ಯೂರೊ ಮತ್ತು ರಿಸರ್ವ್ ಬ್ಯಾಂಕ್ ತಮ್ಮ ಪ್ರಕಟಣೆಗಳಿಗೆ ಫೀಡ್ ಒದಗಿಸಿರುವಾಗ, ನಮ್ಮ ನೇಮಕಾತಿ ಪ್ರಾಧಿಕಾರಗಳು, ವಿಶ್ವವಿದ್ಯಾಲಯಗಳು, ಜಿಲ್ಲಾ ಕಚೇರಿಗಳು ಒದಗಿಸಲಾರದಂಥದ್ದು ಇದರಲ್ಲಿ ಏನೂ ಇಲ್ಲ. ಈ ಬೇಡಿಕೆಯನ್ನು ಎತ್ತಿ ಹಿಡಿಯಲು ಪತ್ರಿಕೆಗಳಿಗೆ ನೈತಿಕ ಬಲ ಬರಬೇಕಾದರೆ ಮೊದಲು ಅವುಗಳ ಫೀಡ್ ಸರಿಯಾಗಿರಬೇಕು.

ಇದು ಹಳೆಯ ಕಾಲದ ವಸ್ತು, ಜನ ಇದನ್ನು ಬಿಟ್ಟಿದ್ದಾರೆ ಎಂದು ತಮ್ಮ ತಾಂತ್ರಿಕ ವಿಭಾಗದವರು ಹೇಳಬಹುದು. ಹಳೆಯದೆಂಬುದು ನಿಜ. 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಇದರ ಮೊದಲ ರೂಪ ಸಿದ್ಧವಾಯಿತು. ಅದನ್ನು ರೂಪಿಸಿದವರಲ್ಲಿ ಒಬ್ಬರಾದ ರಾಮನಾಥನ್ ವಿ. ಗುಹಾ ಮದ್ರಾಸ್ ಐಐಟಿಯಲ್ಲಿ ಕಲಿತವರು. ಇಂದು ಹೆಚ್ಚಾಗಿ ಬಳಕೆಯಲ್ಲಿರುವ 2.0 ಆವೃತ್ತಿ ಅಮೆರಿಕದ ತಂತ್ರಾಂಶ ತಜ್ಞ ಡೇವ್ ವೈನರ್ ಅವರಿಂದ 2002ರಲ್ಲಿ ಬಂತು, ಮರುವರ್ಷ ಅದರ ನಿಯಮಾವಳಿಯ ಒಡೆತನ ಹಾರ್ವರ್ಡ್ ವಿಶ್ವವಿದ್ಯಾಲಯದ ಬರ್ಕ್‌ಮನ್ ಕೇಂದ್ರಕ್ಕೆ ಹಸ್ತಾಂತರವಾಯಿತು. ಗೂಗಲ್ ಸಂಸ್ಥೆ 2005ರಲ್ಲಿ ಆರಂಭಿಸಿದ ಗೂಗಲ್ ರೀಡರ್ ಅನ್ನು 2013ರ ಜುಲೈ 1ರಂದು ಮುಚ್ಚಿದಾಗ ಫೀಡ್ ಯುಗವೇ ಮುಗಿಯಿತೆಂದು ಅನೇಕರು ಬರೆದರು. ಆದರೆ ಅಂದು ಮುಚ್ಚಿದ್ದು ಓದುವ ಒಂದು ಮೇಜು ಮಾತ್ರ. ನನ್ನಂಥವರು ಫೀಡ್ ವಿಳಾಸಗಳ ಪಟ್ಟಿಯನ್ನು ಒಪಿಎಂಎಲ್ ಎಂಬ ಕಡತವಾಗಿ ಇಳಿಸಿಕೊಂಡು ಬೇರೊಂದು ರೀಡರ್‌ಗೆ ಹೋದೆವು, ಮರುದಿನದ ಸುದ್ದಿ ಅಲ್ಲಿಗೇ ಬಂತು. ಫೇಸ್‌ಬುಕ್ ಪುಟಕ್ಕೆ ವರ್ಷಗಟ್ಟಲೆ ಸೇರಿಸಿದ ಓದುಗರನ್ನು ಯಾವ ಪತ್ರಿಕೆಯೂ ಹೀಗೆ ಹೊತ್ತುಕೊಂಡು ಹೋಗಲಾರದು. ಪಾಡ್‌ಕಾಸ್ಟ್ ಕೇಳುವವರಂತೂ ಹೆಸರು ಗೊತ್ತಿಲ್ಲದೆಯೇ ಫೀಡ್ ಬಳಸುತ್ತಿದ್ದಾರೆ. ಧ್ವನಿ ಕಂತುಗಳು ಬೇರೆ ಬೇರೆ ಆ್ಯಪ್‌ಗಳಿಗೆ ತಲುಪುವುದು ಇದೇ ವ್ಯವಸ್ಥೆಯಿಂದ.

ಫೀಡ್ ಕೊಟ್ಟರೆ ಓದುಗ ತಾಣಕ್ಕೆ ಬರುವುದೇ ಇಲ್ಲ, ಜಾಹೀರಾತಿನ ಆದಾಯ ಕೈತಪ್ಪುತ್ತದೆ ಎಂಬ ಆತಂಕ ಪ್ರಕಾಶಕರಲ್ಲಿದೆ. ಪತ್ರಿಕೆ ನಡೆಸುವುದರ ಖರ್ಚನ್ನು ಬಲ್ಲ ನಾನು ಆ ಆತಂಕವನ್ನು ಹಗುರವಾಗಿ ಕಾಣುವುದಿಲ್ಲ. ಅದಕ್ಕೆ ಪರಿಹಾರ ಫೀಡ್‌ನ ಒಳಗೇ ಇದೆ: ಪೂರ್ಣ ವರದಿ ಕೊಡಬೇಕೆಂಬ ನಿಯಮವಿಲ್ಲ, ತಲೆಬರಹದ ಜೊತೆ ಅರ್ಥಪೂರ್ಣವಾದ ಒಂದು ಪ್ಯಾರಾ ಕೊಟ್ಟು ಉಳಿದದ್ದಕ್ಕೆ ಕೊಂಡಿ ಕೊಡಬಹುದು. ತಲೆಬರಹ ಮಾತ್ರ ಪ್ರಾಮಾಣಿಕವಾಗಿರಬೇಕು. 'ಈ ಜಿಲ್ಲೆಯಲ್ಲಿ ನಡೆದದ್ದೇನು ಗೊತ್ತೇ?' ಎಂಬಂಥ ಸಾಲು ಫೀಡ್‌ನಲ್ಲಿ ಬಂದರೆ ಓದುಗ ಆ ಪತ್ರಿಕೆಯ ವಿಳಾಸವನ್ನೇ ತೆಗೆದುಹಾಕುತ್ತಾನೆ. 'ಚಿಂಚೋಳಿ: ಶಾಲೆಗೆ ಹೋಗುವ ರಸ್ತೆ ದುರಸ್ತಿಗೆ ಗ್ರಾಮಸ್ಥರ ಮನವಿ' ಎಂದು ಬರೆದರೆ ಚಿಂಚೋಳಿಯವನು ತೆರೆದು ಓದಿಯೇ ಓದುತ್ತಾನೆ. ಪ್ರಚಾರದ ದೃಷ್ಟಿಯಿಂದಲೂ ಲಾಭವಿದೆ. ಫೀಡ್ ಇದ್ದರೆ ಟೆಲಿಗ್ರಾಂ ಚಾನೆಲ್‌ಗೆ, ಇ-ಮೇಲ್ ವಾರ್ತಾಪತ್ರಕ್ಕೆ, ಕಾಲೇಜಿನ ಜಾಲತಾಣದ ಸುದ್ದಿ ಪಟ್ಟಿಗೆ ಅದೇ ಕಡತದಿಂದ ಸುದ್ದಿ ತಾನಾಗಿ ಹೋಗುವಂತೆ ಮಾಡಬಹುದು, ಒಬ್ಬ ಉಪಸಂಪಾದಕ ಒಂದೇ ಕೊಂಡಿಯನ್ನು ಐದು ಕಡೆ ಅಂಟಿಸುತ್ತ ಕೂರಬೇಕಾಗಿಲ್ಲ.

ಮತ್ತೆ ಆರಂಭಿಸುವಾಗ ಕೆಲವು ತಾಂತ್ರಿಕ ವಿಷಯಗಳತ್ತ ಗಮನ ಕೊಡಬೇಕೆಂದು ವಿನಂತಿ, ಏಕೆಂದರೆ ಕನ್ನಡದ ಫೀಡ್‌ಗಳು ಕೆಡುವುದು ಸಾಮಾನ್ಯವಾಗಿ ಇಲ್ಲಿಯೇ. ಮೊದಲನೆಯದು ಅಕ್ಷರ. ಡಿಟಿಪಿ ಮಾಡುವಾಗ ಬಳಸುವ ಹಳೆಯ ಫಾಂಟಿನ ಪಠ್ಯವನ್ನು ಎಲ್ಲ ಸಾಧನಗಳೂ ಓದಬಲ್ಲ ಯುನಿಕೋಡ್‌ಗೆ ಪರಿವರ್ತಿಸದೆ ಹಾಕಿದ ಫೀಡ್ ಒಂದನ್ನು ನಾನು ಕೆಲವು ತಿಂಗಳು ಇಟ್ಟುಕೊಂಡಿದ್ದೆ. ಪ್ರತಿ ತಲೆಬರಹವೂ ರೋಮನ್ ಅಕ್ಷರಗಳ ನೆತ್ತಿಯ ಮೇಲೆ ಚುಕ್ಕೆ, ಗೆರೆ ಹೇರಿದ ಗೊಜಲಾಗಿ ಕಾಣುತ್ತಿತ್ತು. ಎರಡನೆಯದು ವೇಳೆ. ನಮ್ಮ ವೇಳೆ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ ಎಂಬುದನ್ನು ನಮೂದಿಸದೆ ಶೂನ್ಯವೆಂದು ಬರೆದರೆ, ಬೆಳಿಗ್ಗೆ 10 ಗಂಟೆಗೆ ಪ್ರಕಟವಾದ ಸುದ್ದಿಯ ಮುಂದೆ ಮಧ್ಯಾಹ್ನ 3.30 ಎಂದು ಬೀಳುತ್ತದೆ, ಇನ್ನೂ ಬಾರದ ಹೊತ್ತಿನ ಸುದ್ದಿ ಪಟ್ಟಿಯ ನೆತ್ತಿಯಲ್ಲಿ ಕೂತು ಉಳಿದವನ್ನು ಕೆಳಗೆ ತಳ್ಳುತ್ತದೆ. ತಲೆಬರಹ ತಿದ್ದಿದಾಗಲೆಲ್ಲ ಸುದ್ದಿಯ ಗುರುತು ಸಂಖ್ಯೆ ಬದಲಾಗಬಾರದು; ಬದಲಾದರೆ ಒಂದೇ ವರದಿ ಮೂರು ಬಾರಿ ಬಂದು ಓದುಗ ಬೇಸರಪಡುತ್ತಾನೆ. ಎಲ್ಲೋ ಒಂದು ಕಂಪನಿಯ ಹೆಸರಿನಲ್ಲಿರುವ ಆ್ಯಂಡ್ (&) ಚಿಹ್ನೆಯನ್ನು ನಿಯಮದಂತೆ ಬರೆಯದಿದ್ದರೂ ಇಡೀ ಕಡತವನ್ನು ಅನೇಕ ರೀಡರ್‌ಗಳು ಓದಲಾರವು. ತಮ್ಮ ಜಿಲ್ಲಾ ಫೀಡ್ ನಿಂತಿರುವುದು ಇಂಥದ್ದೇ ಒಂದು ಸಣ್ಣ ಕಾರಣಕ್ಕೆ ಇದ್ದರೂ ಇರಬಹುದು. ಪ್ರಕಟಣೆಗೆ ಬಳಸುವ ವರ್ಡ್‌ಪ್ರೆಸ್‌ನಂತಹ ತಂತ್ರಾಂಶಗಳು ಫೀಡ್ ಅನ್ನು ತಾವೇ ಸಿದ್ಧಪಡಿಸುವುದರಿಂದ ಹೊಸದಾಗಿ ಹಣ ಹೂಡುವ ಪ್ರಶ್ನೆಯೂ ಹೆಚ್ಚು ಏಳುವುದಿಲ್ಲ, ನೋಡಿಕೊಳ್ಳುವ ಒಬ್ಬರು ಬೇಕು ಅಷ್ಟೆ.

ನನ್ನ ಹಳೆಯ ಸಹೋದ್ಯೋಗಿಯೊಬ್ಬರು ಎರಡೂ ಕಣ್ಣಿನ ದೃಷ್ಟಿ ಕಳೆದುಕೊಂಡಿದ್ದಾರೆ. ಇ-ಪೇಪರ್ ಎಂಬುದು ಅವರಿಗೆ ಬರೀ ಚಿತ್ರ, ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಮೊಬೈಲಿನ ಟಾಕ್‌ಬ್ಯಾಕ್ ಅದರಲ್ಲಿ ಓದುವುದಕ್ಕೆ ಏನೂ ಸಿಗದೆ ಸುಮ್ಮನಾಗುತ್ತದೆ. ಜಾಲತಾಣ ತೆರೆದರೆ ಜಾಹೀರಾತು, ಮೆನು, ಮೇಲೆ ಎದ್ದು ನಿಲ್ಲುವ ಪೆಟ್ಟಿಗೆಗಳ ಹೆಸರುಗಳನ್ನೆಲ್ಲ ಕೇಳಿ ಮುಗಿಸುವಷ್ಟರಲ್ಲಿ ಅವರಿಗೆ ಸಾಕಾಗುತ್ತದೆ. ಫೀಡ್ ರೀಡರ್‌ನಲ್ಲಿ ಮಾತ್ರ ತಲೆಬರಹದ ನಂತರ ತಲೆಬರಹ ಕೇಳುತ್ತ, ಬೇಕಾದಲ್ಲಿ ನಿಂತು ಸಾರಾಂಶ ಕೇಳುತ್ತಾರೆ. ಇಲ್ಲಿನ ಅನೇಕರಂತೆ ಅವರಿಗೆ ಉರ್ದು, ಮರಾಠಿ ಎರಡೂ ಬರುವುದರಿಂದ ಹೈದರಾಬಾದಿನ, ಸೊಲ್ಲಾಪುರದ ಸುದ್ದಿಯೂ ಅದೇ ಪಟ್ಟಿಯಲ್ಲಿ ಕನ್ನಡದ ಪಕ್ಕದಲ್ಲೇ ಬರುತ್ತದೆ. ತಮ್ಮ ಜಿಲ್ಲಾ ಫೀಡ್ ನಿಂತಿರುವುದನ್ನು ಮೊದಲು ಗಮನಿಸಿದವರು ಅವರೇ. "ನಮ್ಮೂರಿಂದೇ ಬರಲಾಕತ್ತಿಲ್ಲ ನೋಡ್ರಿ" ಎಂದು ಫೋನ್ ಮಾಡಿದ್ದರು.

ಆದುದರಿಂದ ಕಲಬುರಗಿಯ ಜೊತೆಗೆ ಬೀದರ್, ಯಾದಗಿರಿ ಜಿಲ್ಲೆಗಳಿಗೂ ಪ್ರತ್ಯೇಕ ಫೀಡ್, ಕೃಷಿ ಧಾರಣೆ ಹಾಗೂ ನೇಮಕಾತಿ ಸುದ್ದಿಗಳಿಗೆ ಒಂದೊಂದು ಫೀಡ್ ಆರಂಭಿಸಬೇಕೆಂದು ಕೋರುತ್ತೇನೆ. ಇವುಗಳ ವಿಳಾಸಗಳು ಜಾಲತಾಣದ ಎದ್ದು ಕಾಣುವ ಜಾಗದಲ್ಲಿರಲಿ. ಒಂದು ವಾರದ ಮಟ್ಟಿಗೆ ಅಚ್ಚಿನ ಪತ್ರಿಕೆಯ ಜಿಲ್ಲಾ ಪುಟದ ಮೂಲೆಯಲ್ಲೂ ಅವನ್ನು ಕ್ಯೂಆರ್ ಕೋಡ್ ಸಹಿತ ಪ್ರಕಟಿಸಿದರೆ, ನಾನು ಈಗಲೂ ಸಂಜೆ ಹೋಗುವ ಗ್ರಂಥಾಲಯದಲ್ಲಿ ಓದಲು ಬರುವ ಹುಡುಗ ಹುಡುಗಿಯರ ಮೊಬೈಲಿಗೆ ಒಂದೊಂದಾಗಿ ಸೇರಿಸಿಕೊಡುವ ಕೆಲಸವನ್ನು ನಾನು ವಹಿಸಿಕೊಳ್ಳುತ್ತೇನೆ.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಗ್ರಂಥಪಾಲಕ, ಕಲಬುರಗಿ