ಆಸಕ್ತಿ ಇಲ್ಲವೋ, ಪುರುಸೊತ್ತಿಲ್ಲವೋ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಪತ್ರ ಬಂತು. ಮಗಳ ಶಾಲೆಯ ಪೋಷಕರ ಸಮಿತಿಗೆ ಸೇರಿದ್ದೀಯ ಅಂತ ಓದಿ ತುಂಬಾ ಖುಷಿಯಾಯಿತು. ಆದರೆ ಅದರ ಕೆಳಗೆ ನೀನು ಬರೆದ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ. "ನಲವತ್ತು ಮನೆಗೆ ಹೇಳಿ ಕಳಿಸಿದೆವು, ಬಂದವರು ಆರೇ ಜನ. ಜನರಿಗೆ ಆಸಕ್ತಿಯೇ ಇಲ್ಲ ಕಣೋ. ಸ್ವಂತ ಮಕ್ಕಳ ಶಾಲೆಗೇ ಬಾರದವರು ಇನ್ನು ದೇಶದ ವಿಷಯಕ್ಕೆ ಬರ್ತಾರಾ?" ಅಂತ ಕೇಳಿದ್ದೀಯ.

ಇದೇ ಮಾತನ್ನು ನಾನು ಹಿಂದೊಮ್ಮೆ ಕೆಂಪು ಶಾಯಿಯಲ್ಲಿ ಓದಿದ್ದೆ. ನಾನಾಗ ಆರನೇ ಕ್ಲಾಸು. ಪೋಷಕರ ಸಭೆ ಯಾವಾಗಲೂ ವಾರದ ಮಧ್ಯೆ, ಮಧ್ಯಾಹ್ನ ಮೂರು ಗಂಟೆಗೆ. ಅಪ್ಪನದು ಕಾರ್ಖಾನೆ ಕೆಲಸ. ಪಾಳಿ ವಾರಕ್ಕೊಮ್ಮೆ ಬದಲಾಗುತ್ತಿತ್ತು. ಓಟಿ ಸೇರಿದರೆ ದಿನಕ್ಕೆ ಹನ್ನೆರಡು ಗಂಟೆ. ಮೂರು ಸಭೆಗೆ ಅಪ್ಪನಿಗೆ ಹೋಗಲಾಗಲಿಲ್ಲ. ನಾಲ್ಕನೆಯ ಸಲ ನನ್ನ ಅಂಕಪಟ್ಟಿಯಲ್ಲಿ "ಪೋಷಕರಿಗೆ ಆಸಕ್ತಿ ಇಲ್ಲ" ಅಂತ ಬರೆದಿತ್ತು. ಅಪ್ಪ ಅದನ್ನು ಓದಿದರು. ಏನೂ ಹೇಳದೆ ಕೆಳಗೆ ಸಹಿ ಹಾಕಿದರು. ಆಮೇಲೆ ರಾತ್ರಿ ಪಾಳಿ ಮುಗಿಸಿ ಬಂದ ಬೆಳಿಗ್ಗೆಗಳಲ್ಲಿ ಮಲಗುವ ಮುಂಚೆ ನನ್ನೆದುರು ಕೂತು, "ನಿನ್ನೆ ಏನು ಪಾಠ ಆಯ್ತು, ಓದು" ಅನ್ನುತ್ತಿದ್ದರು. ನಾನು ಒಂದು ಪುಟ ಮುಗಿಸುವಷ್ಟರಲ್ಲಿ ಗೋಡೆಗೆ ಒರಗಿ ನಿದ್ದೆ ಹೋಗಿರುತ್ತಿದ್ದರು. ಅವರಿಗೆ ಆಸಕ್ತಿ ಇರಲಿಲ್ಲ ಅಂತ ಯಾರಾದರೂ ಹೇಳಿದರೆ ಇವತ್ತಿಗೂ ನನ್ನ ಎದೆ ಉರಿಯುತ್ತದೆ.

ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ. ಅವರಿಗೆ ಇರದಿದ್ದುದು ಪುರುಸೊತ್ತು.

ಸರ್ಕಾರಗಳ ಕೆಲಸ ನೋಡು. ದುಡಿಮೆಗೆ ಒಂದು ಇಲಾಖೆ, ಶಾಲೆಗೆ ಇನ್ನೊಂದು, ಚುನಾವಣೆಗೆ ಮತ್ತೊಂದು ಕಚೇರಿ. ಫೈಲುಗಳು ಬೇರೆ, ಅಧಿಕಾರಿಗಳು ಬೇರೆ. ಆದರೆ ದುಡಿಯುವವನು, ಮಗುವನ್ನು ಶಾಲೆಗೆ ಕಳಿಸುವವನು, ಓಟು ಹಾಕುವವನು ಒಬ್ಬನೇ. ಅವನಿಗೆ ಇರುವುದು ಒಂದೇ ದಿನ, ಅದರಲ್ಲಿ ಇಪ್ಪತ್ನಾಲ್ಕೇ ಗಂಟೆ. ಕೆಲಸದ ನಿಯಮ ಆ ದಿನದಿಂದ ಎಷ್ಟು ಕಿತ್ತುಕೊಳ್ಳುತ್ತದೋ, ಉಳಿದ ಎರಡಕ್ಕೂ ಅಷ್ಟು ಕೊರತೆ.

ಹಳೆಯ ಕಾಲದವರು ಇದನ್ನು ನಮಗಿಂತ ಚೆನ್ನಾಗಿ ಕಂಡಿದ್ದರು ಅನ್ನಿಸುತ್ತದೆ. ಬ್ರಿಟನ್ನಿನ 1833ರ ಕಾರ್ಖಾನೆ ಕಾಯ್ದೆಯನ್ನೇ ತಗೋ. ಬಟ್ಟೆ ಗಿರಣಿಗಳಲ್ಲಿ ಮಕ್ಕಳು ಬೆಳಗಿನಿಂದ ರಾತ್ರಿವರೆಗೆ ದುಡಿಯುತ್ತಿದ್ದ ಕಾಲ ಅದು. 9 ವರ್ಷದೊಳಗಿನವರನ್ನು ಕೆಲಸಕ್ಕೆ ಹಚ್ಚುವಂತಿಲ್ಲ ಅಂದಿತು ಆ ಕಾಯ್ದೆ (ರೇಷ್ಮೆ ಗಿರಣಿಗಳಿಗೆ ಮಾತ್ರ ವಿನಾಯಿತಿ ಕೊಟ್ಟಿತು). 9ರಿಂದ 13ರವರೆಗಿನವರಿಗೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯ ಮಿತಿ. ಅದರ ಜೊತೆಗೇ ಆ ಮಕ್ಕಳಿಗೆ ದಿನಕ್ಕೆ ಎರಡು ಗಂಟೆ ಪಾಠ ಆಗಲೇಬೇಕು ಅಂತ ಬರೆದರು. ಕೆಲಸದ ಗಂಟೆ ಇಳಿಸದೆ ಪಾಠದ ಗಂಟೆ ಸಿಗುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಎರಡನ್ನೂ ಒಂದೇ ಕಾಯ್ದೆಯಲ್ಲಿ ಇಟ್ಟರು.

ಅದರಲ್ಲಿ ಇನ್ನೊಂದು ವಿಷಯ ಇದೆ, ನನಗೆ ಅದು ಹೆಚ್ಚು ಮುಖ್ಯ. ಮಕ್ಕಳ ದುಡಿಮೆಯ ಬಗ್ಗೆ 1802ರಲ್ಲೂ ಒಂದು ಕಾನೂನು ಬಂದಿತ್ತು. ಅದು ಸರಿಯಾಗಿ ಜಾರಿಯಾಗಲೇ ಇಲ್ಲ. ನೋಡಿಕೊಳ್ಳಲು ಸಂಬಳದ ತನಿಖಾಧಿಕಾರಿಗಳೇ ಇರಲಿಲ್ಲ. 1833ರಲ್ಲಿ ನಾಲ್ಕು ಜನ ಇನ್‌ಸ್ಪೆಕ್ಟರುಗಳನ್ನು ನೇಮಿಸಿದರು. ಇಡೀ ದೇಶಕ್ಕೆ ನಾಲ್ಕೇ ಜನ. ಆದರೂ ಗಿರಣಿಯೊಳಗೆ ಹೋಗಿ ನೋಡುವ ಅಧಿಕಾರ ಅವರಿಗಿತ್ತು, ಕಂಡದ್ದನ್ನು ಬರೆದು ಒಪ್ಪಿಸುವ ಹೊಣೆಯೂ ಇತ್ತು. ಆಮೇಲೆ ಮತ್ತೊಂದು ತೊಡಕು ಬಂತು. ಮಗುವಿಗೆ ಒಂಬತ್ತು ತುಂಬಿದೆಯೋ ಇಲ್ಲವೋ ಅಂತ ತಿಳಿಯುವುದು ಹೇಗೆ? ಸರ್ಕಾರದ ಜನನ ನೋಂದಣಿಯೇ ಆಗ ಇರಲಿಲ್ಲ. ಇಂಗ್ಲೆಂಡಿನಲ್ಲಿ ಅದು ಶುರುವಾಗಿದ್ದು 1837ರಲ್ಲಿ. ಕಾನೂನನ್ನು ನಡೆಸುವ ಸಂಸ್ಥೆ ಅಂದರೆ ನನಗೆ ಇಂಥವೇ ಕಣ್ಣೆದುರು ಬರುತ್ತವೆ. ಹುಟ್ಟಿದ ದಿನ ಬರೆದಿಡುವ ಒಂದು ಪುಸ್ತಕ, ಬಾಗಿಲು ತಟ್ಟಿ ಒಳಗೆ ಹೋಗಬಲ್ಲ ಒಬ್ಬ ಮನುಷ್ಯ. ಇವೆರಡೂ ಇಲ್ಲದೆ ಎಷ್ಟು ಒಳ್ಳೆಯ ಕಾನೂನು ಬರೆದರೂ ಮಗು ಗಿರಣಿಯಲ್ಲೇ ಉಳಿಯುತ್ತದೆ.

ಅದೆಲ್ಲ ಮುಗಿದ ಕಥೆ ಅಂದುಕೊಳ್ಳಬೇಡ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಮತ್ತು ಯುನಿಸೆಫ್ ಲೆಕ್ಕದಂತೆ 2024ರಲ್ಲೂ ಜಗತ್ತಿನಲ್ಲಿ ಸುಮಾರು 13.8 ಕೋಟಿ ಮಕ್ಕಳು ದುಡಿಯುತ್ತಿದ್ದರು. ದೊಡ್ಡವರ ಪಾಡೂ ಅಷ್ಟೇ. ಅದೇ ಕಾರ್ಮಿಕ ಸಂಘಟನೆ ಹುಟ್ಟಿದ 1919ರಲ್ಲಿ ಮಾಡಿದ ಮೊದಲ ಒಪ್ಪಂದವೇ ಕೈಗಾರಿಕೆಗಳಲ್ಲಿ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಅನ್ನುವುದು. ನೂರು ವರ್ಷ ದಾಟಿತು. ಅದೇ ಸಂಘಟನೆ ಮತ್ತು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಕೊಟ್ಟ ಲೆಕ್ಕ ಓದಿ ನಾನು ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ವಾರಕ್ಕೆ 55 ಗಂಟೆ ಅಥವಾ ಅದಕ್ಕಿಂತ ಜಾಸ್ತಿ ದುಡಿಯುತ್ತಿದ್ದವರು ಸುಮಾರು 48.8 ಕೋಟಿ ಜನ. ಅಷ್ಟು ಹೊತ್ತಿನ ದುಡಿಮೆಯಿಂದ ಬಂದ ಪಾರ್ಶ್ವವಾಯು ಮತ್ತು ಹೃದಯದ ಕಾಯಿಲೆಗೆ 2016ರ ಒಂದೇ ವರ್ಷದಲ್ಲಿ ತೀರಿಕೊಂಡವರು 7.45 ಲಕ್ಷ. ಆ ಸಾಲು ಓದುವಾಗ ಗೋಡೆಗೆ ಒರಗಿದ ಅಪ್ಪನ ಮುಖ ಕಣ್ಣ ಮುಂದೆ ಬಂತು.

ಹೆಂಗಸರ ದಿನವಂತೂ ಇನ್ನೂ ಬಿಗಿ. ಅಡುಗೆ, ಮಕ್ಕಳು, ಮನೆಯ ಹಿರಿಯರ ಆರೈಕೆ, ಹೀಗೆ ಸಂಬಳವಿಲ್ಲದ ಕೆಲಸಕ್ಕೆ ಅವರು ಗಂಡಸರಿಗಿಂತ 3.2 ಪಟ್ಟು ಹೆಚ್ಚು ಹೊತ್ತು ಕೊಡುತ್ತಾರೆ ಅಂತ 2018ರಲ್ಲಿ ಅದೇ ಕಾರ್ಮಿಕ ಸಂಘಟನೆ ಹೇಳಿತ್ತು. ಸಂಜೆ ಆರಕ್ಕೆ ಸಭೆ ಇಟ್ಟರೆ ಎಲ್ಲರಿಗೂ ಬಿಡುವು ಅಂತ ನಾವು ಅಂದುಕೊಳ್ಳುತ್ತೇವೆ, ಅಲ್ವಾ? ತಾಯಂದಿರಿಗೆ ಅದು ಎರಡನೇ ಪಾಳಿ ಶುರುವಾಗುವ ಹೊತ್ತು.

ಗಂಟೆಗಳ ಲೆಕ್ಕವೊಂದೇ ಅಲ್ಲ. ನಾಳೆ ಯಾವಾಗ ಕೆಲಸ ಅಂತಲೇ ಗೊತ್ತಿಲ್ಲದವರಿದ್ದಾರೆ. ಇವತ್ತು ರಾತ್ರಿ ಮೆಸೇಜು ಬಂದರೆ ನಾಳೆ ಬೆಳಿಗ್ಗೆ ಪಾಳಿ. ಅಂಥವರು ಮುಂದಿನ ವಾರದ ಸಭೆಗೆ "ಬರ್ತೀನಿ" ಅಂತ ಹೇಗೆ ಮಾತು ಕೊಡುತ್ತಾರೆ? ಅಮೆರಿಕದ ಸಿಯಾಟಲ್ ನಗರ ಇದಕ್ಕೇ ಅಂತ 2017ರಲ್ಲಿ ಒಂದು ನಿಯಮ ಜಾರಿಗೆ ತಂದಿತು. ದೊಡ್ಡ ಅಂಗಡಿ, ಹೋಟೆಲ್ ಸರಪಳಿಗಳು ಕೆಲಸಗಾರರಿಗೆ ಪಾಳಿಯ ಪಟ್ಟಿಯನ್ನು 14 ದಿನ ಮುಂಚೆ ಕೊಡಬೇಕು. ಆಮೇಲೆ ಬದಲಿಸಿದರೆ ಹೆಚ್ಚಿನ ಹಣ ಕೊಡಬೇಕು. ಓದಲು ಸಣ್ಣ ನಿಯಮ. ನನ್ನ ಮಟ್ಟಿಗೆ ಅದು ಶಾಲೆಯ ಕಾನೂನೂ ಹೌದು, ಓಟಿನ ಕಾನೂನೂ ಹೌದು. ಮಗುವಿನ ಸಭೆ ಯಾವತ್ತು ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕುವ ಧೈರ್ಯ ಅದರಿಂದ ಬರುತ್ತದೆ.

ಓಟಿನ ಮಾತು ಬಂತಲ್ಲ. ಅಮೆರಿಕದಲ್ಲಿ ಅಧ್ಯಕ್ಷರ ಚುನಾವಣೆ ನವೆಂಬರಿನ ಮಂಗಳವಾರ ನಡೆಯಬೇಕು ಅಂತ 1845ರಲ್ಲಿ ಕಾನೂನು ಮಾಡಿದರು. ಭಾನುವಾರ ಚರ್ಚು, ಗಾಡಿಯಲ್ಲಿ ಮತಗಟ್ಟೆಗೆ ಹೋಗಲು ಒಂದು ದಿನ. ಕೊಯ್ಲು ಮುಗಿಸಿದ ರೈತನಿಗೆ ಮಂಗಳವಾರ ಅನುಕೂಲವಾಗಿತ್ತು. ಗಾಡಿಗಳು ಹೋದವು, ಮಂಗಳವಾರ ಉಳಿಯಿತು. ಗಂಟೆ ಲೆಕ್ಕದಲ್ಲಿ ಕೂಲಿ ಪಡೆಯುವವನು ಈಗ ಎಷ್ಟೋ ಕಡೆ ಕೂಲಿ ಬಿಟ್ಟು ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಆಸ್ಟ್ರೇಲಿಯಾದಲ್ಲಿ ಶನಿವಾರ ಮತದಾನ. 1924ರಲ್ಲಿ ಅಲ್ಲಿ ಓಟನ್ನು ಕಡ್ಡಾಯವನ್ನೂ ಮಾಡಿದರು. 1922ರಲ್ಲಿ ನೂರಕ್ಕೆ 60ಕ್ಕಿಂತ ಕಡಿಮೆ ಇದ್ದ ಮತದಾನ 1925ರಲ್ಲಿ 90 ದಾಟಿತು. ಕಡ್ಡಾಯ ಮಾಡುವುದು ಸರಿಯೋ ತಪ್ಪೋ ಅಂತ ನಾವಿಬ್ಬರೂ ಒಂದು ರಾತ್ರಿ ಜಗಳ ಆಡಬಹುದು. ಆದರೆ ಬಾ ಅಂತ ಕಡ್ಡಾಯ ಮಾಡುವ ಸರ್ಕಾರ ಬರಲು ಬಿಡುವೂ ಕೊಡಬೇಕು ಅನ್ನುವುದರಲ್ಲಿ ಜಗಳ ಇರಲಾರದು.

ಪ್ರಾಚೀನ ಗ್ರೀಸಿನ ಅಥೆನ್ಸ್ ನಗರದವರು ಇನ್ನೂ ನೇರವಾಗಿದ್ದರು. ನ್ಯಾಯಾಲಯದ ಪಂಚರಾಗಿ ಕೂರುವವರಿಗೆ ಅವರ ನಾಯಕ ಪೆರಿಕ್ಲಿಸ್ ಕಾಲದಲ್ಲಿ ದಿನಗೂಲಿ ಗೊತ್ತು ಮಾಡಿದರು. ಮುಂದೆ ಜನರ ಸಭೆಗೆ ಬಂದವರಿಗೂ ಹಣ ಕೊಟ್ಟರು. ಮೊದಲು ಒಂದು ಒಬೋಲ್ ನಾಣ್ಯ, ಕ್ರಮೇಣ ಮೂರು. ಹೆಂಗಸರನ್ನೂ ಗುಲಾಮರನ್ನೂ ಆ ಸಭೆಯಿಂದ ಹೊರಗಿಟ್ಟಿದ್ದು ದೊಡ್ಡ ಅನ್ಯಾಯ, ಅದನ್ನು ಮರೆಯಬಾರದು. ಆದರೂ ಬಡವನೊಬ್ಬ ಒಂದು ದಿನದ ದುಡಿಮೆ ಬಿಟ್ಟು ಬಂದಾಗ ಅವನ ಮನೆಯಲ್ಲಿ ಏನಾಗುತ್ತದೆ ಅಂತ ಯೋಚಿಸಿದರಲ್ಲ, ಅದು ನನಗೆ ಹಿಡಿಸುತ್ತದೆ.

ನೀನು ಕೇಳುತ್ತೀಯ ಅಂತ ಗೊತ್ತು. ಪುರುಸೊತ್ತು ಇದ್ದವರೂ ಬರುವುದಿಲ್ಲವಲ್ಲ? ಹೌದು, ಬರುವುದಿಲ್ಲ. ಬಂದರೆ ಏನಾದರೂ ನಿರ್ಧಾರ ಆಗುತ್ತದೆ ಅನ್ನುವ ನಂಬಿಕೆಯೂ ಬೇಕು. ಎಲ್ಲವನ್ನೂ ಮೊದಲೇ ತೀರ್ಮಾನಿಸಿ, ಬಂದವರಿಂದ ಸಹಿ ಮಾತ್ರ ತಗೊಂಡರೆ ಮುಂದಿನ ಸಲ ಯಾರು ಬರುತ್ತಾರೆ? ಬ್ರೆಜಿಲ್‌ನ ಪೋರ್ಟೋ ಅಲೆಗ್ರೆ ನಗರದಲ್ಲಿ 1989ರಿಂದ ನಗರದ ಬಜೆಟ್ಟಿನ ಒಂದು ಭಾಗವನ್ನು ಜನರೇ ಬಡಾವಣೆಯ ಸಭೆಗಳಲ್ಲಿ ಕೂತು ಚರ್ಚಿಸಲು ಶುರು ಮಾಡಿದರು. ಮೊದಲು ನೀರೋ, ಚರಂಡಿಯೋ, ರಸ್ತೆಯೋ ಅಂತ ಅವರೇ ಹೇಳುತ್ತಿದ್ದರು. ಹಾಗಾಗಿ ಬಡವರೇ ಹೆಚ್ಚಾಗಿ ಬಂದರು. ಆಸಕ್ತಿ ಇಲ್ಲ ಅನ್ನಿಸಿಕೊಂಡಿದ್ದ ಜನರೇ ಅವರು. ಅಧಿಕಾರ ಬದಲಾದ ಮೇಲೆ ಆ ವ್ಯವಸ್ಥೆ ಸೊರಗಿತು. ಕಟ್ಟಲು ವರ್ಷಗಳು ಬೇಕು, ಬಿಡಲು ಒಂದು ಚುನಾವಣೆ ಸಾಕು. ಅದು ನನಗೆ ನೋವಿನ ಸಂಗತಿ.

ಐರ್ಲೆಂಡಿನಲ್ಲಿ 2016ರಿಂದ 2018ರವರೆಗೆ ಚೀಟಿ ಎತ್ತಿದ ಹಾಗೆ ಆರಿಸಿದ 99 ಮಂದಿ ಸಾಮಾನ್ಯರು, ಒಬ್ಬರು ಅಧ್ಯಕ್ಷರು ಸೇರಿ ಗರ್ಭಪಾತದಂಥ ಕಷ್ಟದ ವಿಷಯಗಳನ್ನು ವಾರಾಂತ್ಯಗಳಲ್ಲಿ ಕೂತು ಚರ್ಚಿಸಿದರು. ತಜ್ಞರನ್ನು ಕೇಳಿದರು, ಅನುಭವಿಸಿದವರನ್ನೂ ಕೇಳಿದರು. ಮಧ್ಯೆ ಬಿಟ್ಟುಹೋದವರೂ ಇದ್ದರು, ಅವರ ಜಾಗಕ್ಕೆ ಬೇರೆಯವರು ಬಂದರು. 2018ರ ಮೇ ತಿಂಗಳಲ್ಲಿ ದೇಶವೇ ಓಟು ಹಾಕಿದಾಗ ಗರ್ಭಪಾತದ ಮೇಲಿನ ನಿರ್ಬಂಧವನ್ನು ಸಂವಿಧಾನದಿಂದ ತೆಗೆಯಲು ನೂರಕ್ಕೆ 66 ಜನ ಒಪ್ಪಿದರು. ಓದಿದವರು, ಓದದವರು ಒಂದೇ ಮೇಜಿಗೆ ಕೂತು ಮಾತಾಡಬಲ್ಲರು ಅನ್ನುವುದಕ್ಕೆ ನನಗೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಆದರೆ ಹಾಗೆ ಕೂತು ಮಾತಾಡುವುದನ್ನು ಕಲಿಯುವುದು ಎಲ್ಲಿ? ಶಾಲೆಯಲ್ಲೇ, ಅಲ್ವಾ? ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 10 ವರ್ಷದ ಮಕ್ಕಳಲ್ಲಿ ನೂರಕ್ಕೆ ಸುಮಾರು 70 ಮಂದಿ ಒಂದು ಸರಳ ಪಾಠವನ್ನೂ ಓದಿ ಅರ್ಥ ಮಾಡಿಕೊಳ್ಳಲಾರರು ಅಂತ ವಿಶ್ವಬ್ಯಾಂಕ್ 2022ರಲ್ಲಿ ಅಂದಾಜು ಮಾಡಿತು. ಕೊರೋನಾದಲ್ಲಿ ಶಾಲೆಗಳು ಮುಚ್ಚಿದ್ದು ಅದನ್ನು ಇನ್ನಷ್ಟು ಕೆಡಿಸಿತು. ಇವರು ನಾಳೆ ನೋಟಿಸು ಓದಬೇಕಾದವರು, ಸಂಬಳದ ಕರಾರು ಓದಬೇಕಾದವರು. ಓದು ಬಂದರೂ ಸಾಲದು, ಕೇಳುವ ರೂಢಿಯೂ ಆಗಬೇಕು. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಮಗುವಿಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತಿಗೂ ಬೆಲೆ ಇರಬೇಕು ಅನ್ನುತ್ತದೆ. ನನ್ನನ್ನು ಶಾಲೆಯಲ್ಲಿ ಯಾರೂ ಒಂದು ದಿನ "ನಿಮ್ಮಪ್ಪ ಯಾಕೆ ಬರಲಿಲ್ಲ?" ಅಂತ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ಅವರ ಪಾಳಿ ನನಗೆ ಬಾಯಿಪಾಠ ಬರುತ್ತಿತ್ತು.

ಅದಕ್ಕೆ ಒಂದು ಕೆಲಸ ಮಾಡುತ್ತೀಯಾ? ಬಾರದ ಆ ಮೂವತ್ನಾಲ್ಕು ಮನೆಗಳ ಪಟ್ಟಿ ನಿನ್ನ ಹತ್ತಿರ ಇರಬೇಕು. ಮುಂದಿನ ಸಭೆಯ ದಿನ ಗೊತ್ತು ಮಾಡುವ ಮುಂಚೆ ಅವರಿಗೆ ಒಂದೊಂದು ಫೋನು ಮಾಡು. ಸಾಧ್ಯವಾದರೆ ಹೋಗಿಯೇ ಬಾ. ಯಾಕೆ ಬರಲಿಲ್ಲ ಅಂತ ಕೇಳಬೇಡ, ಅದು ತಪ್ಪು ಹೊರಿಸಿದ ಹಾಗಾಗುತ್ತದೆ. ಯಾವ ದಿನ, ಎಷ್ಟು ಗಂಟೆಗೆ ಬರಬಹುದು ಅಂತ ಕೇಳು. ಶಾಲೆಯಲ್ಲಿ ಯಾವ ಒಂದು ವಿಷಯ ಬದಲಾಗಬೇಕು ಅಂತಲೂ ಕೇಳು. ರಾತ್ರಿ ಪಾಳಿಯವರಿದ್ದರೆ ಮಧ್ಯಾಹ್ನದ ಹೊತ್ತು ಫೋನು ಮಾಡಬೇಡ, ಮಲಗಿರುತ್ತಾರೆ. ಎಲ್ಲರಿಗೂ ಹೊಂದುವ ಹೊತ್ತು ಸಿಗದಿದ್ದರೆ ಎರಡು ಸಭೆ ಇಡಿ.

ಅವರು ಹೇಳಿದ ಹೊತ್ತುಗಳನ್ನು ಒಂದು ಹಾಳೆಯಲ್ಲಿ ಬರೆದು ನನಗೂ ಕಳಿಸು. ನೋಡಬೇಕು ಅನ್ನಿಸುತ್ತಿದೆ.

ನಿನ್ನ,
ಗೆಳೆಯ